ನೋವು ಮೊದಲು ಹೋಗುತ್ತದೆ, ಗಾಯ ಆಮೇಲೆ ಮಾಯುತ್ತದೆ

ಬೇಲೂರಿನ ಚೆನ್ನಕೇಶವ ದೇವಾಲಯದ ಅಂಗಳ, ಬೇಸಿಗೆಯ ಮಧ್ಯಾಹ್ನ. ಬೆಂಗಳೂರಿನಿಂದ ನಾಲ್ಕೈದು ಗಂಟೆ ಕಾರಿನಲ್ಲಿ ಕಾಲು ಮಡಿಸಿ ಕೂತು ಬಂದವರು ಹೊರಗೆ ಚಪ್ಪಲಿ ಬಿಟ್ಟು ಒಳಗೆ ಕಾಲಿಡುತ್ತಾರೆ. ಕಾದ ಕಲ್ಲುಹಾಸು ಅಂಗಾಲನ್ನು ಚುರುಗುಟ್ಟಿಸುತ್ತದೆ. ಎಲ್ಲರೂ ತುದಿಗಾಲಲ್ಲಿ ನೆರಳಿನತ್ತ ಓಡುತ್ತಾರೆ. ನಲವತ್ತು ದಾಟಿದ ಒಬ್ಬರು ನಾಲ್ಕನೇ ಹೆಜ್ಜೆಗೇ ಗಕ್ಕನೆ ನಿಂತು, ಹಿಂದಿನಿಂದ ಯಾರೋ ಕಲ್ಲು ಬೀಸಿದರೇನೋ ಎಂದು ತಿರುಗಿ ನೋಡುತ್ತಾರೆ. ಹಿಂದೆ ಯಾರೂ ಇಲ್ಲ. ಏಟು ಬಿದ್ದಿರುವುದು ಒಳಗೆ. ಮೀನಖಂಡದ ಒಂದಷ್ಟು ಎಳೆ ಹರಿದಿದೆ.

ಹಳೇಬೀಡಿನಲ್ಲಿ ಇದು ಬೇರೆ ಥರ ಆಗುತ್ತದೆ. ಹೊಯ್ಸಳೇಶ್ವರನ ಗೋಡೆಯನ್ನು ಮೊಬೈಲಿನಲ್ಲಿ ಪೂರ್ತಿ ಹಿಡಿಯಬೇಕೆಂದು ಒಂದೊಂದೇ ಹೆಜ್ಜೆ ಹಿಂದೆ ಸರಿದವರಿಗೆ, ಜಗತಿಯ ಅಂಚು ಮುಗಿದದ್ದು ಕಾಲು ಜಾರಿದ ಮೇಲೆಯೇ ಗೊತ್ತಾಗುವುದು. ಅರಸೀಕೆರೆ ತಾಲ್ಲೂಕಿನಲ್ಲಿ ಮಾಲೇಕಲ್ಲು ತಿರುಪತಿಯ ಸಾವಿರಕ್ಕೂ ಮೀರಿದ ಮೆಟ್ಟಿಲು ಇಳಿಯುವವರು, ಮಾರುಕಟ್ಟೆಯಲ್ಲಿ ಕೊಬ್ಬರಿ ಮೂಟೆ ಹೊರುವ ಹಮಾಲರು, ಬೇಲೂರಿನ ಕಾಫಿ ತೋಟದ ಕೆಸರು ಇಳಿಜಾರಿನಲ್ಲಿ ಕೆಲಸ ಮಾಡುವವರು, ಶಿವರಾತ್ರಿಗೆ ಮುಂಚೆ ಬೇಲೂರು, ಮೂಡಿಗೆರೆ, ಚಾರ್ಮಾಡಿ ದಾರಿಯಲ್ಲಿ ಧರ್ಮಸ್ಥಳಕ್ಕೆ ನಡೆದುಹೋಗುವವರು, ಎಲ್ಲರಿಗೂ ಈ ಗಾಯದ ಪರಿಚಯ ಒಂದಲ್ಲ ಒಂದು ದಿನ ಆಗುತ್ತದೆ.

ಆದ ಕೂಡಲೇ ಸುತ್ತಲಿನವರ ಸಲಹೆ ಶುರು. "ನರ ಜಾರಿರೋದು ಕಣಣ್ಣ, ಎಣ್ಣೆ ಹಚ್ಚಿ ಗಟ್ಟಿಯಾಗಿ ತಿಕ್ಕಿಸ್ಕೊ." "ಬಿಸಿನೀರಲ್ಲಿ ಕಾವು ಕೊಡ್ರಿ, ಇಳಿಯುತ್ತೆ." "ನಾಲ್ಕು ಹೆಜ್ಜೆ ಜೋರಾಗಿ ನಡೀರಿ ಸಾರ್, ತಾನೇ ಬಿಟ್ಕೊಳುತ್ತೆ." ಮೂರೂ ಪ್ರೀತಿಯಿಂದ ಹೇಳಿದ ಮಾತು. ಮೂರರಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಎಣ್ಣೆ, ಕಾವು, ನಡಿಗೆ ಮೂರಕ್ಕೂ ಈ ಗಾಯದ ಆರೈಕೆಯಲ್ಲಿ ಜಾಗವಿದೆ, ಆದರೆ ಅದು ಇವತ್ತಲ್ಲ. ಕಾಲಿನ ಸ್ನಾಯು ಹರಿದಾಗ ನಾವು ಮಾಡುವ ತಪ್ಪು ಹೆಚ್ಚಾಗಿ ಮದ್ದಿನದಲ್ಲ, ದಿನದ್ದು. ಮೊದಲ ದಿನ ಮಾಡಬಾರದ್ದನ್ನು ಮಾಡುತ್ತೇವೆ. ಹತ್ತನೇ ದಿನ ಮಾಡಬೇಕಾದ್ದನ್ನು ಬಿಡುತ್ತೇವೆ.

ಒಳಗೆ ಏನಾಗಿರುತ್ತದೆ?

ತೆಂಗಿನ ಸೀಮೆಯವರಿಗೆ ಇದನ್ನು ವಿವರಿಸುವುದು ಸುಲಭ. ಸ್ನಾಯು ಎಂದರೆ ನಾರಿನ ಹಗ್ಗ. ಸಣ್ಣ ಸಣ್ಣ ನಾರು ಸೇರಿ ಎಳೆ, ಎಳೆಗಳು ಸೇರಿ ಹುರಿ, ಹುರಿಗಳು ಸೇರಿ ಹಗ್ಗ. ಈ ಹಗ್ಗದ ಎರಡೂ ತುದಿ ಬಿಳಿಯ ಗಟ್ಟಿ ಪಟ್ಟಿಯಾಗಿ ಮೂಳೆಗೆ ಅಂಟಿಕೊಂಡಿರುತ್ತದೆ. ಅದಕ್ಕೆ ಸ್ನಾಯುರಜ್ಜು ಎನ್ನುತ್ತಾರೆ. ಹಗ್ಗ ಸಾಮಾನ್ಯವಾಗಿ ಗಂಟಿನ ಪಕ್ಕದಲ್ಲಿ ಹರಿಯುವಂತೆ, ಸ್ನಾಯು ಹರಿಯುವುದೂ ಈ ಪಟ್ಟಿಗೆ ಸೇರುವ ಜಾಗದಲ್ಲೇ ಹೆಚ್ಚು.

ಕಾಲಿನಲ್ಲಿ ಹೆಚ್ಚಾಗಿ ಪೆಟ್ಟು ತಿನ್ನುವುದು ಮೂರು ಕಡೆ: ತೊಡೆಯ ಹಿಂಬದಿ, ತೊಡೆಯ ಮುಂಬದಿ, ಮೀನಖಂಡ. ತೊಡೆಸಂದು ನಾಲ್ಕನೆಯದು. ಮೊದಲ ಮೂರಕ್ಕೂ ಒಂದು ಸಾಮ್ಯವಿದೆ. ಅಲ್ಲಿ ಹರಿಯುವ ಸ್ನಾಯುಗಳು ಬಹುಪಾಲು ಎರಡು ಕೀಲು ದಾಟಿ ಹೋಗುವಂಥವು. ತೊಡೆಯವು ಸೊಂಟದ ಕೀಲನ್ನೂ ಮಂಡಿಯನ್ನೂ ದಾಟುತ್ತವೆ. ಮೀನಖಂಡದ ಮೇಲಿನ ಸ್ನಾಯು ಮಂಡಿಯನ್ನೂ ಪಾದದ ಕೀಲನ್ನೂ ದಾಟುತ್ತದೆ. ಎರಡೂ ಕಡೆಯಿಂದ ಒಟ್ಟಿಗೆ ಎಳೆತ ಬಿದ್ದರೆ ನಡುವೆ ಸಿಕ್ಕವನ ಗತಿ ಏನು?

ಇನ್ನೊಂದು ಗುಟ್ಟಿದೆ. ಬಾವಿಗೆ ಕೊಡ ಇಳಿಸುವುದನ್ನು ನೆನೆಸಿಕೊಳ್ಳಿ. ಹಗ್ಗವನ್ನು ಬಿಗಿಹಿಡಿದೇ ಸ್ವಲ್ಪ ಸ್ವಲ್ಪವಾಗಿ ಬಿಡುತ್ತೇವೆ. ಮೆಟ್ಟಿಲು ಇಳಿಯುವಾಗ ನಮ್ಮ ತೊಡೆ ಮಾಡುವುದು ಇದನ್ನೇ: ಮೈಯ ಭಾರವನ್ನು ತಡೆಹಿಡಿಯುತ್ತಲೇ ಉದ್ದವಾಗುತ್ತದೆ. ಹೀಗೆ ಬಿಗಿಯಾಗಿರುವಾಗಲೇ ಹಿಗ್ಗಬೇಕಾಗಿ ಬಂದ ಸ್ನಾಯುವಿನ ಮೇಲೆ ಹೊರೆ ಅತಿ ಹೆಚ್ಚು. ಬೆಟ್ಟ ಹತ್ತಿದಾಗ ಏದುಸಿರು, ಇಳಿದಾಗ ಕಾಲುನೋವು ಎನ್ನುವುದರ ಕಾರಣ ಇದೇ. ಓಡುವಾಗ ಕಾಲನ್ನು ಮುಂದೆ ಬೀಸುವ ಕೊನೆಯ ಗಳಿಗೆಯಲ್ಲಿ ತೊಡೆಯ ಹಿಂಬದಿಗೂ, ಜಾರಿದ ಕಾಲನ್ನು ತಡೆಯಲು ಹೋದಾಗ ತೊಡೆಸಂದಿಗೂ ಇದೇ ಆಗುವುದು.

ಹರಿದ ಜಾಗದಲ್ಲಿ ಮೊದಲು ರಕ್ತ ಒಸರುತ್ತದೆ, ಊತ ಬರುತ್ತದೆ. ಊತ ಶತ್ರುವಲ್ಲ. ಸತ್ತ ಎಳೆಗಳನ್ನು ಗುಡಿಸಿ ಹಾಕಲು ದೇಹ ಕಳಿಸಿದ ಆಳುಕಾಳು ಅದು. ಎರಡು ಮೂರು ದಿನವಾದ ಮೇಲೆ ದುರಸ್ತಿ ಶುರು: ಒಂದು ಕಡೆ ಸ್ನಾಯುವಿನ ಹೊಸ ಎಳೆ ಹುಟ್ಟುತ್ತದೆ, ಇನ್ನೊಂದು ಕಡೆ ತೇಪೆ ಹಾಕಿದಂತೆ ಗಾಯದ ನಾರು ಬೆಳೆಯುತ್ತದೆ. ಈ ನಾರು ಮೊದಮೊದಲು ಕಾಯಿ ಸುಲಿದಾಗ ಉದುರುವ ಗುಂಜಿನಂತೆ ದಿಕ್ಕಿಲ್ಲದೆ ಸಿಕ್ಕುಸಿಕ್ಕಾಗಿರುತ್ತದೆ. ಗುಂಜು ಹಗ್ಗವಾಗುವುದು ಯಾವಾಗ? ಎಳೆದು ಹೊಸೆದಾಗ. ಸ್ನಾಯುವಿನದೂ ಅಷ್ಟೇ. ಹಿತಮಿತವಾದ ಎಳೆತ ಸಿಕ್ಕರೆ ಆ ನಾರು ಸಾಲುಗಟ್ಟಿ ಬಲವಾಗುತ್ತದೆ. ಎಳೆತವೇ ಇಲ್ಲದೆ ವಾರಗಟ್ಟಲೆ ಮಲಗಿದರೆ ಗುಂಜು ಗುಂಜಾಗಿಯೇ ಗಟ್ಟಿಯಾಗುತ್ತದೆ. ತೀರ ಬೇಗ ಜಗ್ಗಿದರೆ ಮತ್ತೆ ಹರಿಯುತ್ತದೆ. ಮನೆಯ ಆರೈಕೆಯ ಲೆಕ್ಕವೆಲ್ಲ ಇಷ್ಟೇ.

ಸೆಳೆತವೋ, ಉಳುಕೋ, ಹರಿದಿದೆಯೋ?

ನಮ್ಮ ಮಾತಿನಲ್ಲಿ ಎಲ್ಲವೂ "ನರ ಹಿಡ್ಕೊಂಡಿದೆ" ಎಂಬುದರಲ್ಲಿ ಮುಗಿದುಹೋಗುತ್ತದೆ. ಒಳಗೆ ಇವು ಬೇರೆ ಬೇರೆ.

ರಾತ್ರಿ ಮಲಗಿದ್ದಾಗ ಮೀನಖಂಡ ಕಲ್ಲಿನಂತೆ ಗಂಟುಕಟ್ಟಿ ಕಿರುಚುವಂತಾಗುವುದು ಸೆಳೆತ. ಹೆಬ್ಬೆರಳನ್ನು ಮಂಡಿಯ ಕಡೆಗೆ ಎಳೆದು ಹಿಡಿದರೆ ಒಂದೆರಡು ನಿಮಿಷದಲ್ಲಿ ಬಿಡುತ್ತದೆ. ಉಳುಕು ಕೀಲಿನದು: ಪಾದ ಹೊರಳಿ, ಮೂಳೆಗೂ ಮೂಳೆಗೂ ಕಟ್ಟಿರುವ ಅಸ್ಥಿರಜ್ಜು ಜಗ್ಗಿರುತ್ತದೆ, ನೋವೂ ಊತವೂ ಕೀಲಿನ ಸುತ್ತ. ಸ್ನಾಯು ಹರಿದದ್ದಾದರೆ ನೋವು ಮಾಂಸಲ ಭಾಗದಲ್ಲಿ, ಬೆರಳಿಟ್ಟು ತೋರಿಸಬಹುದಾದ ಜಾಗದಲ್ಲಿ ಇರುತ್ತದೆ. ಎಳೆದು ಹಿಡಿದರೆ ಸೆಳೆತದ ನೋವು ಕಡಿಮೆಯಾಗುತ್ತದೆ. ಹರಿದ ಸ್ನಾಯುವಿನದು ಹೆಚ್ಚಾಗುತ್ತದೆ. ಮನೆಯಲ್ಲಿ ಎರಡನ್ನೂ ಬೇರ್ಪಡಿಸಲು ಇದೊಂದು ಗುರುತು ಸಾಕು.

ಹರಿದ ಪ್ರಮಾಣದಲ್ಲಿ ಮೂರು ದರ್ಜೆ. ಹಗ್ಗದ ನಾಲ್ಕು ಎಳೆ ಹೋಗಿದ್ದರೆ ಒಂದನೆಯದು: ನೋವಿದ್ದರೂ ನಡೆಯಬಹುದು. ಅರ್ಧ ಹಗ್ಗ ಹೋಗಿದ್ದರೆ ಎರಡನೆಯದು: ಕುಂಟುತ್ತೀರಿ, ಊದುತ್ತದೆ, ಒಂದೆರಡು ದಿನದಲ್ಲಿ ಚರ್ಮ ಕಂದುತ್ತದೆ. ಆ ಕಂದು ಗಾಯಕ್ಕಿಂತ ಕೆಳಗೆ, ಕೆಲವೊಮ್ಮೆ ಹಿಮ್ಮಡಿಯವರೆಗೂ ಇಳಿಯುತ್ತದೆ. ರಕ್ತ ಕೆಳಕ್ಕೆ ಜಾರಿದೆ ಅಷ್ಟೇ, ಗಾಬರಿ ಬೇಡ. ಹಗ್ಗ ಪೂರ್ತಿ ಕಡಿದಿದ್ದರೆ ಮೂರನೆಯದು: ಮುಟ್ಟಿದರೆ ಹಳ್ಳ ಸಿಗಬಹುದು, ಕಾಲಿಗೆ ಬಲವೇ ಇರುವುದಿಲ್ಲ. ಇದು ಮನೆಮದ್ದಿನ ವಿಷಯವಲ್ಲ.

ಮೊದಲು ಇವನ್ನು ನೋಡಿ

ಈ ಕೆಳಗಿನ ಯಾವುದಾದರೂ ಇದ್ದರೆ ಲೇಖನವನ್ನು ಮಡಚಿಟ್ಟು ಆಸ್ಪತ್ರೆಗೆ ಹೊರಡಿ. ಅರಸೀಕೆರೆ, ಬೇಲೂರು ಎರಡರಲ್ಲೂ ತಾಲ್ಲೂಕು ಆಸ್ಪತ್ರೆ ಇದೆ. ಅದಕ್ಕೂ ಮೀರಿದ್ದಕ್ಕೆ ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಂದರೆ ಹಿಮ್ಸ್ ಇದೆ. ನಡೆಯಲಾಗದವರಿಗೆ, ಉಸಿರಾಟದ ತೊಂದರೆ ಇರುವವರಿಗೆ 108.

• ನಾಲ್ಕು ಹೆಜ್ಜೆಯನ್ನೂ ಇಡಲಾಗುತ್ತಿಲ್ಲ, ಅಥವಾ ಮೂಳೆಯ ಮೇಲೆಯೇ ಒತ್ತಿದರೆ ನೋವು: ಮೂಳೆ ಮುರಿದಿರಬಹುದು.

• ಹಿಮ್ಮಡಿಯ ಮೇಲ್ಭಾಗದಲ್ಲಿ "ಫಟ್" ಎಂದಿತು, ತುದಿಗಾಲಲ್ಲಿ ನಿಲ್ಲಲಾಗುತ್ತಿಲ್ಲ. ಮಂಚದ ಅಂಚಿನಿಂದ ಪಾದ ಹೊರಚಾಚುವಂತೆ ಬೋರಲು ಮಲಗಿಸಿ ಮೀನಖಂಡವನ್ನು ಮೆಲ್ಲಗೆ ಹಿಂಡಿ. ಪಾದ ತಾನಾಗಿ ಅಲುಗಬೇಕು. ಅಲುಗದಿದ್ದರೆ ಹಿಮ್ಮಡಿಯ ರಜ್ಜು ಕಡಿದಿರುವ ಸಾಧ್ಯತೆ ಹೆಚ್ಚು, ದಿನ ಕಳೆಯಬಾರದು.

• ಪೆಟ್ಟೇ ಆಗಿಲ್ಲ, ಆದರೂ ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಕೆಂಪಾಗಿ ನೋಯುತ್ತಿದೆ. ದೂರದ ಪ್ರಯಾಣ, ಶಸ್ತ್ರಚಿಕಿತ್ಸೆ, ಹೆರಿಗೆ ಅಥವಾ ಹಲವು ದಿನದ ಹಾಸಿಗೆವಾಸದ ನಂತರ ಹೀಗಾದರೆ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಇಂಥ ಕಾಲನ್ನು ತಿಕ್ಕಲೇಬಾರದು. ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಜೊತೆಗೆ ಎದೆನೋವು, ಉಸಿರು ಕಟ್ಟುವುದು ಇದ್ದರೆ ಒಂದು ನಿಮಿಷವೂ ಕಾಯಬೇಡಿ.

• ನೋವು ಗಂಟೆಗಂಟೆಗೂ ಏರುತ್ತಿದೆ, ಕಾಲು ಡೋಲಿನಂತೆ ಬಿಗಿದಿದೆ, ಪಾದ ಜೋಮು ಹಿಡಿದಿದೆ ಅಥವಾ ತಣ್ಣಗಾಗಿದೆ.

• ಅತಿಯಾದ ಶ್ರಮದ ನಂತರ ಮೈಕೈ ನೋವಿನ ಜೊತೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದೆ.

ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂಕಾಗಿರುವವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಸಣ್ಣ ಗಾಯವಾದರೂ ಒಮ್ಮೆ ವೈದ್ಯರಿಗೆ ತೋರಿಸುವುದು ಲೇಸು.

ಮೊದಲ ಮೂರು ದಿನ: ಸುಮ್ಮನೆ ಬಿಡುವ ಕಲೆ

ಆದ ಜಾಗದಲ್ಲೇ ನಿಲ್ಲಿ. "ಇಷ್ಟು ದೂರ ಬಂದಿದ್ದೇವೆ, ಹಳೇಬೀಡನ್ನೂ ನೋಡಿಬಿಡೋಣ" ಎಂದು ಇನ್ನೂ 16 ಕಿಲೋಮೀಟರ್ ಹೋಗಿ ಮತ್ತೊಂದು ದೇವಾಲಯ ಸುತ್ತುವ ದಿನ ಅದಲ್ಲ. ಬೆಟ್ಟದ ಮೇಲಿದ್ದರೆ ಒಬ್ಬರ ಹೆಗಲು ಹಿಡಿದು ಇಳಿಯಿರಿ. ಮೆಟ್ಟಿಲಿಗೆ ಒಂದು ಸೂತ್ರ: ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಕೋಲು ಹಿಡಿಯುವುದಾದರೆ ನೋವಿಲ್ಲದ ಕಡೆಯ ಕೈಯಲ್ಲಿ.

ಮನೆಯಲ್ಲಿ ಮಾಡಬೇಕಾದ್ದು ನಾಲ್ಕೇ ಕೆಲಸ.

ಒಂದು, ಭಾರ ತಗ್ಗಿಸುವುದು. ಹಾಸಿಗೆ ಹಿಡಿಯಬೇಕಿಲ್ಲ, ನೋವು ಕೆರಳಿಸುವ ಚಲನೆ ಬೇಡ, ಅಷ್ಟೇ. ನೆಲದ ಮೇಲೆ ಚಕ್ಕಳಮಕ್ಕಳ ಹಾಕುವುದು, ಕುಕ್ಕರಗಾಲಲ್ಲಿ ಕೂರುವುದು, ಗಾಡಿಗೆ ಕಿಕ್ ಹೊಡೆಯುವುದು ಕೆಲವು ದಿನ ಬೇಡ. ಕುಕ್ಕರಗಾಲಿನ ಶೌಚಾಲಯವೇ ಇರುವ ಮನೆಯಲ್ಲಿ ನಡುವೆ ತೂತಿರುವ ಕುರ್ಚಿ ಇಟ್ಟುಕೊಳ್ಳಬಹುದು. ಮೀನಖಂಡದ ಗಾಯವಾದರೆ ಮನೆಯೊಳಗೂ ಹಿಮ್ಮಡಿ ಸ್ವಲ್ಪ ದಪ್ಪಗಿರುವ ಚಪ್ಪಲಿ ಹಾಕಿ. ಹಿಮ್ಮಡಿ ಎತ್ತರವಾದಷ್ಟೂ ಮೀನಖಂಡದ ಮೇಲಿನ ಎಳೆತ ಕಡಿಮೆ.

ಎರಡು, ಬಿಗಿಪಟ್ಟಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಕ್ರೇಪ್ ಬ್ಯಾಂಡೇಜನ್ನು ಕೆಳಗಿನಿಂದ ಮೇಲಕ್ಕೆ ಸುತ್ತಬೇಕು. ಮೀನಖಂಡಕ್ಕಾದರೆ ಪಾದದಿಂದ ಶುರುಮಾಡಿ ಮಂಡಿಯ ಕೆಳಗೆ ನಿಲ್ಲಿಸಿ. ಪ್ರತಿ ಸುತ್ತೂ ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚಲಿ. ಬೆರಳು ಜುಮುಗುಟ್ಟಿದರೆ, ನೀಲಿಗಟ್ಟಿದರೆ, ತಣ್ಣಗಾದರೆ ಬಿಗಿ ಹೆಚ್ಚಾಗಿದೆ ಎಂದರ್ಥ. ಬಿಚ್ಚಿ ಸಡಿಲವಾಗಿ ಸುತ್ತಿ. ರಾತ್ರಿ ಮಲಗುವಾಗ ತೆಗೆದಿಡಿ.

ಮೂರು, ಎತ್ತರ. ಕುರ್ಚಿಯಲ್ಲಿ ಕೂತು ಮುಂದಿನ ಸ್ಟೂಲಿನ ಮೇಲೆ ಕಾಲು ಚಾಚುವುದು ಸಾಲದು. ಮಲಗಿ, ಎರಡು ದಿಂಬಿನ ಮೇಲೆ ಕಾಲಿಟ್ಟು, ಅದು ಎದೆಗಿಂತ ಮೇಲಿರುವಂತೆ ನೋಡಿಕೊಳ್ಳಿ.

ನಾಲ್ಕು, ತಂಪು. ಐಸ್ ಸಿಕ್ಕರೆ ಒದ್ದೆ ಟವೆಲಿನಲ್ಲಿ ಸುತ್ತಿ 10ರಿಂದ 15 ನಿಮಿಷ ಇಡಿ; ಎರಡು ಮೂರು ಗಂಟೆ ಬಿಟ್ಟು ಬೇಕಿದ್ದರೆ ಮತ್ತೊಮ್ಮೆ. ಐಸ್ ಇಲ್ಲದಿದ್ದರೆ ಫ್ರಿಜ್‌ನಲ್ಲಿಟ್ಟ ಹಾಲಿನ ಪ್ಯಾಕೆಟ್, ಅದೂ ಇಲ್ಲದಿದ್ದರೆ ಮಡಕೆಯ ನೀರಿನಲ್ಲಿ ಅದ್ದಿದ ಬಟ್ಟೆ. ಬರೀ ಚರ್ಮದ ಮೇಲೆ ಐಸ್ ಇಡಬೇಡಿ, ಚರ್ಮ ಸುಟ್ಟಂತಾಗುತ್ತದೆ. ತಂಪಿನಿಂದ ನೋವು ಮಂದವಾಗುವುದು ನಿಜ. ಗಾಯ ಬೇಗ ಮಾಯುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ.

ಐಸಿನ ಈ ಕಥೆ ಸ್ವಾರಸ್ಯವಾಗಿದೆ. ವಿಶ್ರಾಂತಿ, ಐಸ್, ಬಿಗಿಪಟ್ಟಿ, ಎತ್ತರ ಎಂಬ ನಾಲ್ಕನ್ನೂ ಸೇರಿಸಿ, ಅವುಗಳ ಇಂಗ್ಲಿಷ್ ಮೊದಲಕ್ಷರಗಳಿಂದ ‘ರೈಸ್’ ಎಂಬ ಸೂತ್ರ ಕಟ್ಟಿದವರು ಅಮೆರಿಕದ ವೈದ್ಯ ಗೇಬ್ ಮಿರ್ಕಿನ್, 1978ರಲ್ಲಿ. ಜಗತ್ತಿನ ಆಟದ ಮೈದಾನಗಳೆಲ್ಲ ಅದನ್ನು ಬಾಯಿಪಾಠ ಮಾಡಿದವು. ಮೂರು ದಶಕ ದಾಟಿದ ಮೇಲೆ ಅವರೇ, ಐಸೂ ಪೂರ್ತಿ ವಿಶ್ರಾಂತಿಯೂ ಗಾಯ ಮಾಯುವುದನ್ನು ತಡಮಾಡಬಹುದು ಎಂದು ಬರೆದು ಹಳೆಯ ಮಾತನ್ನು ತಿದ್ದಿಕೊಂಡರು. 2019ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನಲ್ಲಿ ಬಂದ ‘ಪೀಸ್ ಅಂಡ್ ಲವ್’ ಎಂಬ ಹೊಸ ಸೂತ್ರದಲ್ಲಿ ಐಸಿಗೆ ಜಾಗವೇ ಇಲ್ಲ. ಮೊದಲ ದಿನಗಳಲ್ಲಿ ಕಾಪಾಡುವುದು, ಆಮೇಲೆ ಹಂತಹಂತವಾಗಿ ಹೊರೆ ಕೊಡುವುದು ಅದರ ತಿರುಳು.

ಮಾತ್ರೆಯ ವಿಷಯವೂ ಹೀಗೆಯೇ. ನೋವು ತಡೆಯಲಾಗದಿದ್ದರೆ ಮೊದಲ ಆಯ್ಕೆ ಪ್ಯಾರಾಸಿಟಮಾಲ್: ದೊಡ್ಡವರಿಗೆ 500 ಮಿಲಿಗ್ರಾಂನ ಒಂದು, ಹೆಚ್ಚೆಂದರೆ ಎರಡು, ನಡುವೆ ಆರು ಗಂಟೆ ಅಂತರ, ದಿನಕ್ಕೆ 4 ಗ್ರಾಂ ಮೀರಲೇಬಾರದು. ನೆಗಡಿಯ ಮಾತ್ರೆಗಳಲ್ಲೂ ಇದೇ ಇರುತ್ತದೆ, ಎರಡನ್ನೂ ಕೂಡಿಸಿ ಲೆಕ್ಕ ಹಾಕಿ. ಯಕೃತ್ತಿನ ತೊಂದರೆ ಇರುವವರು, ದಿನವೂ ಕುಡಿಯುವವರು ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಬೇಕು. ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದವು ಊತವನ್ನೇ ಅಡಗಿಸುತ್ತವೆ. ಊತ ದುರಸ್ತಿಯ ಮೊದಲ ಹಂತವಾದ್ದರಿಂದ ಮೊದಲ ಎರಡು ದಿನ ಅವು ಬೇಡ. ಹೊಟ್ಟೆಹುಣ್ಣು, ಮೂತ್ರಪಿಂಡ, ಹೃದಯದ ತೊಂದರೆ ಇರುವವರು, ಆಸ್ತಮಾದವರು, ಗರ್ಭಿಣಿಯರು ಆಮೇಲೂ ಕೇಳದೆ ನುಂಗಬಾರದು. ಅಂಗಡಿಯವರು ಬಿಡಿಯಾಗಿ ಕಟ್ಟಿಕೊಡುವ ಹೆಸರಿಲ್ಲದ ನಾಲ್ಕು ಬಣ್ಣದ ಮಾತ್ರೆಗಳಂತೂ ಯಾರಿಗೂ ಬೇಡ.

ಹಾಗಾದರೆ ಅಜ್ಜಿಯ ಮದ್ದು?

ಹುಣಸೆಹಣ್ಣಿಗೆ ಉಪ್ಪು ಹಾಕಿ ಕುದಿಸಿದ ಪಟ್ಟು, ಅರಿಸಿನದ ಲೇಪ, ಲಕ್ಕಿ ಸೊಪ್ಪು ಕುದಿಸಿದ ನೀರು, ಬೆಚ್ಚಗಿನ ಹರಳೆಣ್ಣೆ: ನಮ್ಮ ಕಡೆಯ ಮನೆಗಳಲ್ಲಿ ಇವಿಲ್ಲದೆ ಕಾಲುನೋವು ಕಳೆದದ್ದೇ ಇಲ್ಲ. ಮೂರು ದಿನ ಕಳೆದು, ಊತ ಏರುವುದು ನಿಂತ ಮೇಲೆ ಬೆಚ್ಚಗಿನ ಕಾವು ಹಿತ ಕೊಡುತ್ತದೆ. ಬಿಗಿದ ಸ್ನಾಯು ಸಡಿಲಾಗಿ ವ್ಯಾಯಾಮ ಸುಲಭವಾಗುತ್ತದೆ. ಎಣ್ಣೆ ಹಚ್ಚಿ ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ನೀವುವುದಕ್ಕೂ ಆಗ ಅಡ್ಡಿಯಿಲ್ಲ. ಪಟ್ಟು ಕೈಗೆ ತಾಳುವಷ್ಟೇ ಬಿಸಿ ಇರಲಿ. ಗಾಯ, ತರಚು ಇರುವ ಚರ್ಮಕ್ಕೆ ಹಾಕಬೇಡಿ. ಎಕ್ಕದ ಎಲೆ ಕಟ್ಟುವವರು ಅದರ ಹಾಲಿನ ಬಗ್ಗೆ ಎಚ್ಚರ ವಹಿಸಬೇಕು, ಚರ್ಮ ಬೊಬ್ಬೆ ಏಳುತ್ತದೆ, ಕಣ್ಣಿಗೆ ತಗುಲಿದರೆ ದೊಡ್ಡ ಅನಾಹುತ.

ಮೊದಲ ಮೂರು ದಿನ ಮಾತ್ರ ಕಾವೂ ಬೇಡ, ತಿಕ್ಕುವುದೂ ಬೇಡ, ಹೆಂಡವೂ ಬೇಡ. ಮೊದಲೆರಡೂ ಒಸರುವ ರಕ್ತವನ್ನು ಹೆಚ್ಚಿಸುತ್ತವೆ. ಪೆಟ್ಟು ಬಿದ್ದ ತೊಡೆಯನ್ನು ಆರಂಭದಲ್ಲೇ ಬಲವಾಗಿ ತಿಕ್ಕಿದರೆ ಕೆಲವೊಮ್ಮೆ ಸ್ನಾಯುವಿನೊಳಗೆ ಮೂಳೆಯಂಥ ಗಡ್ಡೆ ಬೆಳೆಯುವುದೂ ಉಂಟು. ಕಾಲು ಮುಂದಾಗಿ ಹುಟ್ಟಿದವರಿಂದ ಮೆಟ್ಟಿಸಿಕೊಂಡರೆ ಉಳುಕು ಹೋಗುತ್ತದೆ ಎಂಬ ನಂಬಿಕೆ ಇದೆ. ನಂಬುವವರು ಮುಟ್ಟಿಸಿಕೊಳ್ಳಲಿ, ಆದರೆ ಹರಿದ ಸ್ನಾಯುವನ್ನು ಮೆಟ್ಟಿಸಿಕೊಳ್ಳುವುದು ಬೇಡ. ಆಯುರ್ವೇದವೇ ಬೇಕೆನ್ನುವವರಿಗೆ ಹಾಸನದಲ್ಲಿ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜಿನ ಆಸ್ಪತ್ರೆ ಇದೆ; ಓದಿದ ವೈದ್ಯರ ಕೈಯಲ್ಲಿ ಎಣ್ಣೆ ಯಾವ ದಿನ, ಎಷ್ಟು ಎಂಬ ಲೆಕ್ಕ ಇರುತ್ತದೆ.

ನಾಲ್ಕನೇ ದಿನದಿಂದ: ಹಗ್ಗ ಹೊಸೆಯುವುದು

ಇಲ್ಲಿಂದ ಕೆಲಸ ನಿಮ್ಮದು. ಪ್ರತಿ ಹಂತಕ್ಕೂ ಒಂದೇ ಅಳತೆಗೋಲು: ನೋವಿಗೆ ಹತ್ತಕ್ಕೆ ಅಂಕ ಕೊಡಿ. ವ್ಯಾಯಾಮ ಮಾಡುವಾಗ ಮೂರರೊಳಗಿದ್ದರೆ ಸರಿ. ಮಾರನೇ ಬೆಳಿಗ್ಗೆ ಹಾಸಿಗೆಯಿಂದ ಎದ್ದು ಇಡುವ ಮೊದಲ ಹೆಜ್ಜೆಯಲ್ಲಿ ನೋವು ಹಿಂದಿನ ದಿನಕ್ಕಿಂತ ಹೆಚ್ಚಿದ್ದರೆ, ನಿನ್ನೆ ಮಾಡಿದ್ದು ಅತಿಯಾಯಿತು. ಒಂದು ಹಂತ ಹಿಂದೆ ಸರಿಯಿರಿ.

ಮೊದಲ ಹಂತ, ಕೂತಲ್ಲೇ. ಪಾದವನ್ನು ಮೇಲಕ್ಕೂ ಕೆಳಕ್ಕೂ ನಿಧಾನವಾಗಿ 15 ಸಲ, ದಿನಕ್ಕೆ ನಾಲ್ಕೈದು ಬಾರಿ. ತೊಡೆಯ ಹಿಂಬದಿಯ ಗಾಯವಾದರೆ ಮಲಗಿ, ಮಂಡಿ ಸ್ವಲ್ಪ ಮಡಿಸಿ, ಹಿಮ್ಮಡಿಯನ್ನು ಹಾಸಿಗೆಗೆ ಐದು ಎಣಿಸುವಷ್ಟು ಹೊತ್ತು ಒತ್ತಿ ಬಿಡಿ. ಮುಂಬದಿಯದಾದರೆ ಮಂಡಿಯ ಕೆಳಗೆ ಸುತ್ತಿದ ಟವೆಲಿಟ್ಟು ಮಂಡಿಯಿಂದ ಅದನ್ನು ಒತ್ತಿ. ಮೀನಖಂಡಕ್ಕೆ ಪಾದದ ಮುಂಭಾಗವನ್ನು ಗೋಡೆಗೆ ಒತ್ತಿ. ಕಾಲು ಅಲುಗುವುದಿಲ್ಲ, ಸ್ನಾಯು ಮಾತ್ರ ಬಿಗಿಯುತ್ತದೆ. ಹತ್ತು ಹತ್ತು ಸಲ ಸಾಕು.

ಎರಡನೇ ಹಂತ, ಕುಂಟದೆ ನಡೆಯಲು ಬಂದ ಮೇಲೆ. ಕೆರೆ ಏರಿಯಂಥ ಸಮತಟ್ಟಾದ ಕಡೆ ಹತ್ತು ನಿಮಿಷದ ನಡಿಗೆಯಿಂದ ಶುರುಮಾಡಿ. ಗೋಡೆ ಹಿಡಿದು ಎರಡೂ ಹಿಮ್ಮಡಿ ಎತ್ತಿ ಇಳಿಸುವುದು, ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು, ಬೆನ್ನ ಮೇಲೆ ಮಲಗಿ ಮಂಡಿ ಮಡಿಸಿ ಸೊಂಟ ಎತ್ತಿ ಹಿಡಿಯುವುದು: ತಲಾ ಹತ್ತರಂತೆ ಮೂರು ಸುತ್ತು, ದಿನ ಬಿಟ್ಟು ದಿನ. ಮೆಲ್ಲಗೆ ಎಳೆದು ಹಿಗ್ಗಿಸುವುದೂ ಈಗಲೇ. 20 ಸೆಕೆಂಡ್ ಹಿಡಿದು ಬಿಡಿ, ಜಗ್ಗಬೇಡಿ.

ಮೂರನೇ ಹಂತ, ಇಳಿಸುವ ಬಲ. ಗಾಯವಾದದ್ದು ಇಳಿಸುವಾಗ, ಆದ್ದರಿಂದ ತಾಲೀಮೂ ಅದರದೇ ಆಗಬೇಕು. ಮೆಟ್ಟಿಲ ಅಂಚಿನಲ್ಲಿ ಪಾದದ ಮುಂಭಾಗ ಊರಿ, ಎರಡೂ ಕಾಲಿನಲ್ಲಿ ಮೇಲೆದ್ದು, ನೋವಿನ ಕಾಲೊಂದರಲ್ಲೇ ನಾಲ್ಕು ಎಣಿಸುತ್ತ ಇಳಿಯಿರಿ. ತೊಡೆಗೆ, ಗಿಡ್ಡ ಮೆಟ್ಟಿಲಿನಿಂದ ಒಳ್ಳೆಯ ಕಾಲನ್ನು ನಿಧಾನವಾಗಿ ನೆಲಕ್ಕೆ ಮುಟ್ಟಿಸಿ ಹಿಂದೆ ತನ್ನಿ. ಕಬಡ್ಡಿ, ಕ್ರಿಕೆಟ್ ಆಡುವ ಹುಡುಗರಿಗೆ ಇನ್ನೊಂದಿದೆ: ಮೊಣಕಾಲೂರಿ ಕೂತು, ಗೆಳೆಯನಿಂದ ಕಾಲಿನ ಹಿಂಭಾಗ ಹಿಡಿಸಿಕೊಂಡು, ಮೈಯನ್ನು ನೆಟ್ಟಗಿಟ್ಟು ಮುಂದಕ್ಕೆ ಆದಷ್ಟು ನಿಧಾನವಾಗಿ ಬಾಗುವುದು. ನಾರ್ಡಿಕ್ ಎಂದು ಕರೆಯುವ ಈ ವ್ಯಾಯಾಮವನ್ನು ತಪ್ಪದೆ ಮಾಡಿದ ತಂಡಗಳಲ್ಲಿ ತೊಡೆಯ ಹಿಂಬದಿಯ ಗಾಯಗಳು ಸುಮಾರು ಅರ್ಧಕ್ಕೆ ಇಳಿದದ್ದು ಕಂಡುಬಂದಿದೆ.

ಊಟದಲ್ಲಿ ವಿಶೇಷ ಪಥ್ಯವೇನಿಲ್ಲ. ಹೊಸ ಎಳೆಗೆ ಬೇಕಾದ್ದು ಪ್ರೋಟೀನು: ಹುರುಳಿಕಾಳು, ಅವರೆಕಾಳು, ಮೊಟ್ಟೆ, ಮೊಸರು, ಮಾಂಸ ಯಾವುದಾದರೂ ಸರಿ. ಮುದ್ದೆಯ ಜೊತೆ ಬರೀ ತಿಳಿಸಾರಿನ ಬದಲು ಹುರುಳಿ ಬಸ್ಸಾರು ಇರಲಿ. ಅದರ ಕಾಳು ತಟ್ಟೆಯಲ್ಲಿ ಉಳಿಯದಿರಲಿ. ಬೀಡಿ, ಸಿಗರೇಟು ಗಾಯ ಮಾಯುವುದನ್ನು ತಡಮಾಡುತ್ತವೆ.

ಎಷ್ಟು ದಿನ?

ಮೊದಲ ದರ್ಜೆಗೆ ಒಂದರಿಂದ ಮೂರು ವಾರ. ಎರಡನೆಯದಕ್ಕೆ ನಾಲ್ಕರಿಂದ ಎಂಟು. ಮೂರನೆಯದಕ್ಕೆ ಮೂರು ತಿಂಗಳು ಅಥವಾ ಇನ್ನೂ ಹೆಚ್ಚು, ಕೆಲವೊಮ್ಮೆ ಶಸ್ತ್ರಚಿಕಿತ್ಸೆ. ಆದರೆ ಗಮನಿಸಿ: ಎರಡನೇ ದರ್ಜೆಯ ಗಾಯದಲ್ಲೂ ದಿನನಿತ್ಯದ ನೋವು ಎರಡನೇ ವಾರಕ್ಕೇ ಬಹುಪಾಲು ಇಳಿದಿರಬಹುದು. ಒಳಗೆ ಮಾತ್ರ ಗುಂಜು ಇನ್ನೂ ಹಗ್ಗವಾಗಿರುವುದಿಲ್ಲ. "ಗುಣವಾಯ್ತು ಬಿಡಿ" ಎಂದು ಮರ ಹತ್ತುವುದು, ಮೂಟೆಗೆ ಹೆಗಲು ಕೊಡುವುದು, ಮೈದಾನಕ್ಕಿಳಿಯುವುದು ಈ ಹೊತ್ತಿಗೇ. ಸ್ನಾಯು ಮತ್ತೆ ಹರಿಯುವುದೂ ಹೆಚ್ಚಾಗಿ ಈ ಹೊತ್ತಿಗೇ. ಎರಡನೇ ಸಲದ ಗಾಯ ಮೊದಲಿನದಕ್ಕಿಂತ ಹೆಚ್ಚು ದಿನ ಕಾಡುವುದೂ ಸಾಮಾನ್ಯ.

ಲೋಕವೇ ನೋಡಿದ ಒಂದು ಕನ್ನಡದ ಕಾಲು ಕ್ರಿಕೆಟಿಗ ಕೆ.ಎಲ್. ರಾಹುಲ್ ಅವರದು. 2023ರ ಮೇ 1ರಂದು ಲಖನೌದಲ್ಲಿ ಬೆಂಗಳೂರಿನ ವಿರುದ್ಧದ ಐಪಿಎಲ್ ಪಂದ್ಯದಲ್ಲಿ ಚೆಂಡನ್ನು ಅಟ್ಟಿಸಿಕೊಂಡು ಬೌಂಡರಿಯತ್ತ ಓಡುವಾಗ ಬಲತೊಡೆ ಕೈಕೊಟ್ಟಿತು. ಶಸ್ತ್ರಚಿಕಿತ್ಸೆಯಾಯಿತು. ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ತಿಂಗಳುಗಟ್ಟಲೆ ತಾಲೀಮು ನಡೆಯಿತು. ಸೆಪ್ಟೆಂಬರಿನಲ್ಲಿ ಕೊಲಂಬೊದಲ್ಲಿ ಪಾಕಿಸ್ತಾನದ ವಿರುದ್ಧ ಔಟಾಗದೆ 111 ರನ್ ಹೊಡೆದು ಮರಳಿದರು. ಆದರೂ 2024ರ ಜನವರಿಯಲ್ಲಿ ಹೈದರಾಬಾದ್ ಟೆಸ್ಟ್ ಮುಗಿದ ಮೇಲೆ ಅದೇ ಬಲತೊಡೆ ನೋವೆಂದಿತು. ಇಂಗ್ಲೆಂಡ್ ವಿರುದ್ಧದ ಆ ಸರಣಿಯ ಉಳಿದ ನಾಲ್ಕು ಟೆಸ್ಟ್‌ಗಳಲ್ಲಿ ಅವರು ಆಡಲಿಲ್ಲ. ಜೊತೆಗೇ ವೈದ್ಯರು, ಫಿಸಿಯೋಥೆರಪಿಸ್ಟ್‌ಗಳು ಇದ್ದವರ ಕಾಲೇ ಇಷ್ಟು ಸಮಯ ಕೇಳಿದರೆ, ನಮ್ಮ ಕಾಲು ಕೆಲವು ವಾರ ಕೇಳುವುದು ದುಬಾರಿಯಲ್ಲ.

ದಿನಗೂಲಿಯವರಿಗೆ ಇದು ಹೇಳುವಷ್ಟು ಸುಲಭವಲ್ಲ, ನಿಜ. ಆರು ವಾರ ಮನೆಯಲ್ಲಿ ಕೂತರೆ ಒಲೆ ಉರಿಯುವುದಿಲ್ಲ. ಅದಕ್ಕೆ ದಾರಿ ಕೆಲಸ ಬಿಡುವುದಲ್ಲ, ಕೆಲಸ ಬದಲಿಸುವುದು. ಮರ ಹತ್ತುವವರು ಕೆಲವು ವಾರ ಕೂತು ಮಾಡುವ ಕೆಲಸಕ್ಕೆ, ಮೂಟೆ ಹೊರುವವರು ಚೀಲ ಹೊಲಿಯುವುದಕ್ಕೆ, ತೋಟದ ಇಳಿಜಾರಿನವರು ಕಣದಲ್ಲಿ ಕಾಫಿ ಒಣಹಾಕುವುದಕ್ಕೆ ಸರಿಯುವಂತಾದರೆ ಕೂಲಿಯೂ ಉಳಿಯುತ್ತದೆ, ಕಾಲೂ ಉಳಿಯುತ್ತದೆ. ಯಜಮಾನರಿಗೂ ಇದರಲ್ಲಿ ಲಾಭವೇ: ಕೆಲವು ವಾರ ಹಗುರ ಕೆಲಸ ಕೊಟ್ಟರೆ ಎರಡು ತಿಂಗಳು ಆಳು ಕಳೆದುಕೊಳ್ಳುವುದು ತಪ್ಪುತ್ತದೆ.

ಮತ್ತೆ ಹತ್ತುವ ಮುನ್ನ

ಹಳೆಯ ಕೆಲಸಕ್ಕೆ, ಬೆಟ್ಟಕ್ಕೆ, ಆಟಕ್ಕೆ ಮರಳುವ ಮೊದಲು ಕಾಲಿಗೆ ನಾಲ್ಕು ಪ್ರಶ್ನೆ ಕೇಳಿ. ಅರ್ಧ ಗಂಟೆ ಬಿರುಸಾಗಿ ನಡೆದರೂ ಕುಂಟುವುದಿಲ್ಲವೇ? ಒಂದೇ ಕಾಲಿನಲ್ಲಿ ನಿಂತು ಹಿಮ್ಮಡಿ ಎತ್ತುವುದನ್ನು ಒಳ್ಳೆಯ ಕಾಲು ಎಷ್ಟು ಸಲ ಮಾಡುತ್ತದೋ ನೋವಿನ ಕಾಲೂ ಅಷ್ಟೇ ಸಲ ಮಾಡುತ್ತದೆಯೇ? ಒಂಟಿಗಾಲಲ್ಲಿ ಕುಂಟೆಬಿಲ್ಲೆ ಆಡಿದಂತೆ ಹತ್ತು ಸಲ ಕುಪ್ಪಳಿಸಿದರೆ ನೋವಿಲ್ಲವೇ? ಗಾಯದ ಜಾಗವನ್ನು ಬೆರಳಿನಿಂದ ಒತ್ತಿದರೆ ಪಕ್ಕದ ಕಾಲಿನಂತೆಯೇ ಅನ್ನಿಸುತ್ತದೆಯೇ? ನಾಲ್ಕಕ್ಕೂ ಹೌದು ಎಂದರೆ ಹೊರಡಿ. ಒಂದಕ್ಕೆ ಇಲ್ಲ ಎಂದರೂ ಇನ್ನೊಂದು ವಾರ ಮೂರನೇ ಹಂತದಲ್ಲೇ ಇರಿ. ಎರಡು ಮೂರು ವಾರವಾದರೂ ಮುನ್ನಡೆಯೇ ಕಾಣದಿದ್ದರೆ ಮೂಳೆ ವೈದ್ಯರನ್ನೋ ಫಿಸಿಯೋಥೆರಪಿಸ್ಟನ್ನೋ ಕಾಣಿ.

ಬೇಲೂರಿಗೆ ಕಾರಿನಲ್ಲಿ ಬರುವವರು ಇಳಿದ ಕೂಡಲೇ ಚಪ್ಪಲಿ ಬಿಡದೆ ಐದು ನಿಮಿಷ ಅಡ್ಡಾಡಿ, ನಾಲ್ಕು ಸಲ ಹಿಮ್ಮಡಿ ಎತ್ತಿ ಇಳಿಸಿ ಒಳಗೆ ಹೋಗಲಿ. ಬಿಸಿಲ ಹೊತ್ತಾದರೆ ದಪ್ಪ ಕಾಲುಚೀಲ ಜೊತೆಗಿರಲಿ. ಧರ್ಮಸ್ಥಳಕ್ಕೆ ನಡೆಯುವವರು ಶಿವರಾತ್ರಿಗೆ ಎರಡು ತಿಂಗಳಿರುವಾಗಲೇ ದಿನಕ್ಕಿಷ್ಟು ಎಂದು ನಡಿಗೆ ಏರಿಸುತ್ತ ಬರಲಿ.

ಇನ್ನು ಮಾಲೇಕಲ್ಲಿಗೋ, ಹುಣ್ಣಿಮೆಯಂದು ಜೇನುಕಲ್ಲು ಸಿದ್ಧೇಶ್ವರನ ಬೆಟ್ಟಕ್ಕೋ ಹರಕೆ ಹೊತ್ತವರಿಗೆ ಒಂದು ಮಾತು. ಗಾಯವಾದ ಕಾಲು ಮೇಲೆ ತಲುಪಿದ ಕೂಡಲೇ ವಾಸಿಯಾಯಿತು ಎಂದು ಕೈ ಮುಗಿಯಬೇಡಿ. ಹತ್ತುವುದು ಅದಕ್ಕೆ ಕಷ್ಟವಲ್ಲ. ಪರೀಕ್ಷೆ ಇರುವುದು ಇಳಿಯುವುದರಲ್ಲಿ. ಇಳಿದು, ಮನೆಗೆ ಬಂದು, ರಾತ್ರಿ ಮಲಗಿ, ಬೆಳಿಗ್ಗೆ ಎದ್ದು ನೆಲಕ್ಕೆ ಇಟ್ಟ ಮೊದಲ ಹೆಜ್ಜೆ ಯಾವ ಕಾಲಿನದು ಎಂಬುದೇ ನಿಮ್ಮ ಗಮನಕ್ಕೆ ಬಾರದಿದ್ದರೆ, ಹರಕೆ ತೀರಿತು, ಕಾಲೂ ವಾಸಿಯಾಯಿತು.